ಬೆಸುಗೆ ಹತ್ತದ ಜಾಳಿಗೆ

ಹೋದ ವಾರ ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನನ್ನ ಅಣ್ಣನ ಮಗ ಒಂದು ರಟ್ಟಿನ ಡಬ್ಬಿ ಬಿಚ್ಚಿದ. ಅವನ ಹಳೆಯ ಜೀಪಿಗೆ ತರಿಸಿದ ಸಾಮಾನು. ಒಳಗಿನಿಂದ ಗೇಣಿಗಿಂತ ಚಿಕ್ಕದಾದ ಒಂದು ಸ್ಟೀಲಿನ ಕೊಳವೆ ಹೊರಬಂತು. ಅದರ ಸುತ್ತಲೂ ಬಹಳ ಸಣ್ಣ ಕಣ್ಣಿನ ಜಾಳಿಗೆಯನ್ನು ಸೀರೆಯ ನಿರಿಗೆಯಂತೆ ಮಡಿಚಿ ಕೂಡಿಸಿದ್ದರು. ನನ್ನ ಕೈಗೆ ಕೊಟ್ಟು ಹೇಳಿದ:

"ಅತ್ತಿ, ಇದು ಆಯಿಲ್ ಫಿಲ್ಟರ್ ನೋಡು. ಕಾಗದದ್ದಾದ್ರ ಎಣ್ಣಿ ಬದ್ಲಿ ಮಾಡಿದಾಗೊಮ್ಮೆ ಒಗಿಬೇಕು. ಇದನ್ನ ತೊಳದು ಮತ್ತ ಹಾಕಬಹುದು. ಜಂಗ ಹಿಡಿಯಂಗಿಲ್ಲ." ಮತ್ತೆ ಅಂದ, "ಆ ಮಿಸ್ತ್ರಿ ಇಂಥಾ ಛಲೋ ಸಾಮಾನ ಹಾಕಿದ್ದಿದ್ರ ನಮ್ಮಪ್ಪ ಉಳೀತಿದ್ದ."

ಅವನ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಹುಟ್ಟುವ ಮೊದಲೇ ಸತ್ತ ಅಪ್ಪನ ಬಗ್ಗೆ ಅರವತ್ತು ವರ್ಷ ಕೇಳಿಕೊಂಡು ಬಂದ ಮಾತನ್ನೇ ಅವನು ಆಡಿದ. ನಾನು ಹೆಬ್ಬೆರಳಿನಿಂದ ಆ ಜಾಳಿಗೆಯ ಅಂಚನ್ನು ಮೇಲಿನಿಂದ ಕೆಳಗೆ ಸವರಿದೆ. ಎಲ್ಲಿಯೂ ಹೊಲಿಗೆ ಇರಲಿಲ್ಲ. ತಿರುಗಿ ಅವನ ಕೈಗೆ ಕೊಟ್ಟು ಒಳಗೆ ಹೋದೆ...

ಅವನು ಹೇಳಿದ ಆ ಮಿಸ್ತ್ರಿ, ನಮಗೆ ಮಿಸ್ತ್ರಿ ಕಾಕಾ. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ನಮ್ಮ ಮನೆಗೆ ಎದುರು ಬದರಾಗಿ ಅವರ ಮನೆ. ಅವರ ಬಾಗಿಲಿಗೆ ಹಸಿರು ಬಣ್ಣ, ನಮ್ಮ ಬಾಗಿಲಿಗೆ ಸುಣ್ಣ ಕೆಮ್ಮಣ್ಣು. ನಡುವೆ ಒಂದು ಚಕ್ಕಡಿ ಹಾಯುವಷ್ಟು ದಾರಿ. ಮಕ್ಕಳಿರಲಿಲ್ಲ, ಗಂಡ ಹೆಂಡತಿ ಇಬ್ಬರೇ. ಬಸ್ಸುಗಳ ಮೋಟಾರು ರಿಪೇರಿ ಅವರ ಕೆಲಸ. ಇಂಜಿನ್ನಿನ ಸಪ್ಪಳಕ್ಕೆ ಎಡಗಿವಿ ಮಂದವಾಗಿತ್ತು. ಯಾರಾದರೂ ಮಾತಾಡಿಸಿದರೆ ಮುಖ ತಿರುಗಿಸಿ ಬಲಗಿವಿ ಕೊಡುತ್ತಿದ್ದರು. ಅದನ್ನು ನೋಡಿದ ಹೊಸಬರು ಇವರಿಗೆ ಸೊಕ್ಕು ಅಂದುಕೊಳ್ಳುತ್ತಿದ್ದರು. ಕರಿ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ, ಮೂಸಿ, ಬಸ್ಸು ಎಷ್ಟು ದಿನ ಓಡಿದೆ ಅಂತ ಹೇಳುತ್ತಿದ್ದರು. ನಮ್ಮ ಕಟ್ಟೆ ಹತ್ತುವ ಮೊದಲು ಮಾತ್ರ ಕಟ್ಟಿಗೆಯ ಹೊಟ್ಟಿನಿಂದ ಕೈ ಉಜ್ಜಿ, ಅಂಟವಾಳದ ನೀರಿನಲ್ಲಿ ತೊಳೆದುಕೊಂಡೇ ಬರುತ್ತಿದ್ದರು. ಆದರೂ ಆ ವಾಸನೆ ಅವರ ಜೊತೆಗೇ ಬರುತ್ತಿತ್ತು.

ಅಪ್ಪ ಸತ್ತ ಮೇಲೆ ನನ್ನ ಅಣ್ಣನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ ಬಸ್ಸು ನಡೆಸಲು ಕಲಿಸಿದವರು ಅವರೇ. ಅಣ್ಣ ಡ್ರೈವರ್ ಆದ. ಹುಬ್ಬಳ್ಳಿಯಿಂದ ಧಾರವಾಡ, ಧಾರವಾಡದಿಂದ ಉಪ್ಪಿನಬೆಟಗೇರಿ, ಮತ್ತೆ ಹಿಂದಕ್ಕೆ, ದಿನಕ್ಕೆ ಎರಡು ಸಲ. ನನ್ನನ್ನು ಗದಗಿಗೆ ಕೊಟ್ಟಿದ್ದರು. ಗಂಡ ಎರಡನೆಯ ವರ್ಷಕ್ಕೇ ಜ್ವರದಲ್ಲಿ ತೀರಿಕೊಂಡ. ಅಣ್ಣ ಬಂದು ನನ್ನ ಟ್ರಂಕನ್ನು ತಾನೇ ಹೊತ್ತುಕೊಂಡು ಮನೆಗೆ ಕರೆತಂದ. ಆರು ತಿಂಗಳಿಗೆ ಒಂದು ಹೊಲಿಗೆ ಯಂತ್ರ ತಂದು ಕಿಟಕಿಯ ಹತ್ತಿರ ಇಟ್ಟ. "ಕುಂತು ಕುಂತು ಮಂಕಾಗಬ್ಯಾಡ," ಅಂದ, ಅಷ್ಟೇ. ಮನೆಯಲ್ಲಿ ಅವ್ವ, ಅಣ್ಣ, ಅಣ್ಣನ ಹೆಂಡತಿ ವೈನಿ, ನಾನು. ಓಣಿಯವರ ಕುಬಸ, ಅಂಗಿ ಹೊಲಿಯುತ್ತ ನನ್ನ ಕೈ ಕುದುರಿತು.

ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ಪೆಟ್ರೋಲು ಸಿಗದೆ ಬಸ್ಸುಗಳಿಗೆ ಇದ್ದಲಿ ಗ್ಯಾಸು ಬಂತು. ಬಸ್ಸಿನ ಹಿಂದೆ ಹಂಡೆಯಂಥ ಒಲೆ; ಬೆಳಿಗ್ಗೆ ಎದ್ದು ಅದಕ್ಕೆ ಇದ್ದಲಿ ತುಂಬಿ, ಬೆಂಕಿ ಹಾಕಿ, ಗಾಳಿ ಹೊಡೆದು, ಹೊಗೆ ಎದ್ದ ಮೇಲೆ ಬಸ್ಸು ಹೊರಡಬೇಕು. ಏರು ಬಂದರೆ ಮಂದಿ ಇಳಿದು ನಡೆಯುತ್ತಿದ್ದರು. ಆ ಮಸಿ ಇಂಜಿನ್ನಿನ ಎಣ್ಣೆಗೂ ಸೇರಿ ಎಣ್ಣೆ ರಾಡಿಯಾಗುತ್ತಿತ್ತು. ಎಣ್ಣೆಯನ್ನು ಸೋಸಲು ಒಂದು ಡಬ್ಬಿ, ಅದರೊಳಗೆ ಬಟ್ಟೆಯ ಚೀಲ ಇರುತ್ತಿತ್ತು. ಆ ಚೀಲ ಪರದೇಶದಿಂದ ಬರಬೇಕು. ಯುದ್ಧದಲ್ಲಿ ಬರುವುದು ನಿಂತಿತು.

ಒಂದು ದಿನ ಮಿಸ್ತ್ರಿ ಕಾಕಾ ಮಸಿ ಹಿಡಿದು ಗಟ್ಟಿಯಾದ ಒಂದು ಚೀಲ ತಂದು ನಮ್ಮ ಕಟ್ಟೆಯ ಮೇಲೆ ಹಾಸಿದ ಕಾಗದದ ಮೇಲಿಟ್ಟರು.

"ಬೇಟಿ, ಇಂಥಾದ್ದೊಂದು ಹೊಲದ ಕೊಡ್ತಿಯೇನು?"

"ಇದೇನ್ರಿ ಕಾಕಾ, ಪಾಯಜಾಮದ ಕಾಲಿದ್ದಂಗ ಐತಿ," ಅಂದೆ.

"ಇಂಜಿನ್ನಿನ ಪಾಯಜಾಮ ಅಂತ ತಿಳಕೊ," ಅಂದರು. ಒಳಗಿದ್ದ ಅವ್ವ ನಕ್ಕಳು. ನಮ್ಮ ಮನೆಯಲ್ಲಿ ಆಗ ನಗುತ್ತಿದ್ದರು.

ದಪ್ಪ ಬಟ್ಟೆ ಹುಡುಕಿ ಹೊಲಿದುಕೊಟ್ಟೆ. ಎಂಟು ದಿನಕ್ಕೆ ಒಂದು ಚೀಲ ಬೇಕಾಗುತ್ತಿತ್ತು. ಬಿಸಿ ಎಣ್ಣೆಗೆ ಕೆಲವು ಉಬ್ಬುತ್ತಿದ್ದವು, ಕೆಲವು ಹರಿಯುತ್ತಿದ್ದವು. ಅಷ್ಟರಲ್ಲಿ ಬಟ್ಟೆಗೂ ಕಂಟ್ರೋಲು ಬಂತು. ಉಡುವುದಕ್ಕೇ ಅರಿವೆ ಸಿಗದ ಕಾಲದಲ್ಲಿ ಇಂಜಿನ್ನಿಗೆ ಎಲ್ಲಿಂದ ತರುವುದು? ವೈನಿಯ ಹಳೆಯ ಕಂಬಳಿಯ ತುಂಡೂ ಮುಗಿಯಿತು.

ಆಗ ಮಿಸ್ತ್ರಿ ಕಾಕಾ ಹಳೆಯ ಕಬ್ಬಿಣ ಮಾರುವ ಮೋಡಕದ ಅಂಗಡಿಯಿಂದ ಒಂದು ಜಾಳಿಗೆ ತಂದರು. ಮಿಲಿಟರಿಯವರ ಯಾವುದೋ ಯಂತ್ರದ ಒಳಗಿನದಂತೆ. ಟಾವೆಲಿನಷ್ಟು ಅಗಲ, ಮಲ್‌ಬಟ್ಟೆಯಷ್ಟು ಸಣ್ಣ ಕಣ್ಣು, ಬೆಳ್ಳಿಯಂಥ ಬಣ್ಣ. ಮಳೆಯಲ್ಲಿ ಬಿದ್ದಿದ್ದರೂ ಅದಕ್ಕೆ ತುಕ್ಕಿನ ಒಂದು ಕಲೆ ಇರಲಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಎಂಬ ಹೆಸರು ನಾನು ಕೇಳಿದ್ದು ಬಹಳ ವರ್ಷಗಳ ಮೇಲೆ, ಪಾತ್ರೆ ಅಂಗಡಿಯಲ್ಲಿ. ಅವರು ಅದನ್ನು ಜಂಗ ಹಿಡಿಯದ ಜಾಳಿಗಿ ಅಂತಿದ್ದರು. ಅದನ್ನೇ ಚೀಲದಂತೆ ಮಾಡಿ ಇಂಜಿನ್ನಿಗೆ ಹಾಕಿದರೆ ತೊಳೆದು ತೊಳೆದು ಬಳಸಬಹುದು ಎಂಬುದು ಅವರ ಯೋಚನೆ. ನಾಲ್ಕು ದಿನ ಅದರ ಹಿಂದೆ ಬಿದ್ದರು. ಎರಡು ಅಂಚು ಕೂಡಿಸಲು ಬೆಸುಗೆ ಹಾಕಿದರೆ ನಿಲ್ಲಲೇ ಇಲ್ಲ. ತವರ ಕರಗಿ, ಗೋಲಿಯಾಗಿ, ನೀರು ಕೆಸುವಿನ ಎಲೆಯ ಮೇಲಿಂದ ಉರುಳುವಂತೆ ಉರುಳಿ ಬೀಳುತ್ತಿತ್ತು.

"ಇದಕ್ಕ ಬೆಸಗಿ ಹತ್ತವಲ್ದು ಬೇಟಿ. ನಿನ್ನ ಕೈಲೇ ಆಗಬೇಕು," ಅಂತ ನನ್ನ ಹತ್ತಿರ ತಂದರು.

ಯಂತ್ರದಲ್ಲಿ ಹೊಲಿಯುವ ಮಾತೇ ಇರಲಿಲ್ಲ. ಜಾಳಿಗೆಯ ಅಂಚಿನಿಂದಲೇ ಒಂದೊಂದು ಎಳೆ ತಂತಿ ಬಿಡಿಸಿ, ದಬ್ಬಳದಲ್ಲಿ ಪೋಣಿಸಿ, ಕೈಯಿಂದ ಹೊಲಿಯಬೇಕು. ಎರಡು ಸಾಲು ಹೊಲಿಗೆ ಹಾಕು, ಒಂದರ ಮೇಲೊಂದು, ತುದಿಯವರೆಗೆ ಎರಡು ಸಾಲು... ಅಂತ ಅವರು ಎರಡೆರಡು ಸಲ ಹೇಳಿದ್ದರು. ಮೂರು ಮಧ್ಯಾಹ್ನ ಹೊಲಿದೆ. ತಂತಿ ಬೆರಳು ಕೊಯ್ಯುತ್ತಿತ್ತು. ರಕ್ತ ಜಾಳಿಗೆಗೆ ಹತ್ತಿದರೆ ಸೆರಗಿನಿಂದ ಒರೆಸುತ್ತಿದ್ದೆ. ಮೂರನೆಯ ಮಧ್ಯಾಹ್ನ ಎರಡನೆಯ ಸಾಲು ಕೊನೆಗೆ ಬಂದಿತ್ತು, ಇನ್ನು ನಾಲ್ಕು ಬೆರಳು ಉಳಿದಿತ್ತು. ಬಿಡಿಸಿಟ್ಟ ಎಳೆ ಮುಗಿದವು. ಹೊಸದು ಬಿಡಿಸಬೇಕು. ವೈನಿ ಎರಡು ತಿಂಗಳ ಬಸುರಿ, ವಾಂತಿ ಬಹಳ. ಅಡುಗೆ ನನ್ನ ಮೇಲಿತ್ತು. ಅಣ್ಣ ಊಟಕ್ಕೆ ಬರುವ ಹೊತ್ತು. ಬೆರಳು ಉರಿಯುತ್ತಿದ್ದವು. ನಾನು ಆ ನಾಲ್ಕು ಬೆರಳಿನಷ್ಟನ್ನು ಒಂದೇ ಸಾಲಿಗೆ ಬಿಟ್ಟು, ಅಂಚು ಮಡಿಚಿ, ದಬ್ಬಳದ ಹಿಂಬದಿಯಿಂದ ಒತ್ತಿ ಸರಿಮಾಡಿದೆ. ನೋಡಿದರೆ ಎಲ್ಲ ಒಂದೇ ಥರ ಕಾಣುತ್ತಿತ್ತು.

ಮಿಸ್ತ್ರಿ ಕಾಕಾ ಬಂದು ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು.

"ನಾ ಮಿಸ್ತ್ರಿ ಅಲ್ಲ, ನೀ ಮಿಸ್ತ್ರಿ," ಅಂದರು. ನನಗೆ ಹೆಮ್ಮೆಯಾಯಿತು. ಅದನ್ನೂ ಬರೆಯಬೇಕು, ಹೆಮ್ಮೆಯಾಯಿತು.

ಅಣ್ಣನ ಬಸ್ಸಿಗೇ ಅದನ್ನು ಹಾಕಿದರು. ಪ್ರತಿ ಸೋಮವಾರ ಬಸ್ಸು ನಿಂತಾಗ ಅದನ್ನು ಬಿಚ್ಚಿ ತಂದು, ತಮ್ಮ ಮನೆಯ ಮುಂದೆ ತಗಡಿನ ಬುಟ್ಟಿಯಲ್ಲಿ ಚಿಮಣಿ ಎಣ್ಣೆ ಹಾಕಿ ತೊಳೆಯುತ್ತಿದ್ದರು. ಮಸಿ ಇಳಿದು ಜಾಳಿಗೆ ಮತ್ತೆ ಬೆಳ್ಳಗಾಗುತ್ತಿತ್ತು. ಅದನ್ನು ಒಣಗಲು ಕಿಟಕಿಯ ಸರಳಿಗೆ ತೂಗು ಹಾಕಿದರೆ ಓಣಿಯ ಜನ ನಿಂತು ನೋಡುತ್ತಿದ್ದರು. ಬಸ್ಸಿನ ಮಾಲಕರೂ ಒಂದು ಸಲ ಬಂದು ನೋಡಿ, ತಮ್ಮ ಇನ್ನೊಂದು ಬಸ್ಸಿಗೂ ಇಂಥದೇ ಮಾಡು ಅಂದು ಹೋದರು. ಹೀಗೆ ನಾಲ್ಕೈದು ತಿಂಗಳು ನಡೆಯಿತು. ಆ ನಾಲ್ಕು ಬೆರಳು ನನಗೆ ಮೊದಲ ಒಂದೆರಡು ಸೋಮವಾರ ನೆನಪಾದವು. ಆಮೇಲೆ ಮರೆತೆ.

ಒಂದು ಮಧ್ಯಾಹ್ನ, ಧಾರವಾಡ ಇನ್ನೂ ಎರಡು ಮೈಲಿ ಇರುವಾಗ, ರಸ್ತೆಯ ತಿರುವಿನಲ್ಲಿ ಅಣ್ಣನ ಬಸ್ಸಿನ ಇಂಜಿನ್ನು ಒಮ್ಮೆಲೇ ಹಿಡಿದುಕೊಂಡು ನಿಂತಿತು. ಅಣ್ಣ ಮಂದಿಯನ್ನೆಲ್ಲ ಇಳಿಸಿ ಬೇವಿನ ಗಿಡದ ನೆರಳಿಗೆ ಕಳಿಸಿದ. ತಾನು ಮುಂದೆ ಹೋಗಿ ಬಾನೆಟ್ಟು ಎತ್ತಿ ಬಗ್ಗಿ ನೋಡುತ್ತಿದ್ದ. ಅರಳೆಯ ಅಂಡಿಗೆ ಹೇರಿಕೊಂಡ ಒಂದು ಲಾರಿ ತಿರುವಿನಿಂದ ಬಂತು. ನಿಂತ ಬಸ್ಸು ಅದಕ್ಕೆ ಕಂಡದ್ದು ತಡವಾಗಿ... ಬಸ್ಸಿನಲ್ಲಿದ್ದ ಯಾರಿಗೂ ಏನೂ ಆಗಲಿಲ್ಲ. ಅಣ್ಣನನ್ನು ಚಕ್ಕಡಿಯಲ್ಲಿ ಹಾಕಿ ಧಾರವಾಡದ ದವಾಖಾನೆಗೆ ಒಯ್ದರಂತೆ. ಮರುದಿನ ಮನೆಗೆ ತಂದರು.

ಆ ದಿನಗಳದ್ದು ನನಗೆ ಹೆಚ್ಚು ನೆನಪಿಲ್ಲ. ಅವ್ವ ಅತ್ತದ್ದು ದೂರದ ಯಾರದೋ ಮನೆಯಲ್ಲಿ ಅಳುವಂತೆ ಕೇಳುತ್ತಿತ್ತು. ವೈನಿ ಗೋಡೆಗೆ ಆತು ಕೂತಿದ್ದಳು. ನಾನು ಬಂದವರಿಗೆ ನೀರು ಕೊಟ್ಟೆ. ಚರಿಗೆ ತುಂಬಿದೆ, ಕೊಟ್ಟೆ, ತುಂಬಿದೆ, ಕೊಟ್ಟೆ.

ಬಸ್ಸನ್ನು ಗ್ಯಾರೇಜಿಗೆ ಎಳೆದು ತಂದಿದ್ದರು. ಇಂಜಿನ್ನು ಬಿಚ್ಚಿದವರು ಮಿಸ್ತ್ರಿ ಕಾಕಾ. ಒಳಗೆ ಎಣ್ಣೆ ಹಾಯುವ ಸಣ್ಣ ತೂತಿನಲ್ಲಿ ತಂತಿಯ ಎಳೆಗಳು ಮುದ್ದೆಯಾಗಿ ಕೂತಿದ್ದವಂತೆ. ಎಣ್ಣೆ ಸಿಗದೆ ಇಂಜಿನ್ನು ಕಾದು ಹಿಡಿದುಕೊಂಡಿತ್ತು. ಅವರು ಬಿಚ್ಚುವಾಗ ಹತ್ತಿರ ಯಾರೂ ಇರಲಿಲ್ಲ. ಆ ಎಳೆಗಳನ್ನು ತೆಗೆದು ಕಿಸೆಗೆ ಹಾಕಿಕೊಂಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹಳೆಯ ಇಂಜಿನ್ನು, ಇದ್ದಲಿ ಗ್ಯಾಸು, ಕೆಟ್ಟಿತು ಅನ್ನಬಹುದಿತ್ತು. ಅವರು ಹಾಗೆ ಮಾಡಲಿಲ್ಲ.

ಹನ್ನೊಂದನೆಯ ದಿನ ಪೊಲೀಸ್ ಫೌಜದಾರರು ನಮ್ಮ ಓಣಿಗೆ ಬಂದು ನಮ್ಮ ಕಟ್ಟೆಯ ಮೇಲೆಯೇ ಕೂತರು. ಮಾಲಕರೂ ಬಂದಿದ್ದರು. ಮಿಸ್ತ್ರಿ ಕಾಕಾ ಕೆಳಗೆ, ಬಿಸಿಲಿನಲ್ಲಿ ನಿಂತಿದ್ದರು. ನಾನು ಬಾಗಿಲ ಹಿಂದೆ. ಅವ್ವ ನನ್ನ ಪಕ್ಕದಲ್ಲಿ.

"ಏನಾತು ಹೇಳು," ಅಂದರು ಫೌಜದಾರರು.

"ಜಾಳಿಗಿ ಬಿಚ್ಚೇತಿ ಸಾಹೇಬ್ರ. ಎಳಿ ಒಳಗ ಹೋಗ್ಯಾವು."

"ಯಾಕ ಬಿಚ್ಚಿತು?"

ಅವರು ಬಲಗಿವಿ ಕೊಟ್ಟು ಕೇಳಿಸಿಕೊಂಡರು. "ಬೆಸಗಿ ಬಿಟ್ಟೈತ್ರಿ. ಬೆಸಗಿ ನಾ ಮಾಡಿದ್ದು."

"ಮತ್ಯಾರ ಕೈ ಐತಿ ಅದರಾಗ?"

"ಯಾರದೂ ಇಲ್ರಿ. ನಂದ ಒಂದ."

ಆ ಜಾಳಿಗೆಯಲ್ಲಿ ಬೆಸುಗೆ ಅನ್ನುವುದೇ ಇರಲಿಲ್ಲ. ಅದಕ್ಕೆ ಬೆಸುಗೆ ಹತ್ತುತ್ತಿರಲಿಲ್ಲ ಅನ್ನುವುದು ಗೊತ್ತಿದ್ದವರು ಇಬ್ಬರೇ, ಅವರು ಮತ್ತು ನಾನು. ನಾನು ಒಳಗೆ ಕೂತು ಹೊಲಿದದ್ದನ್ನು ಅವ್ವ ಕಂಡಿದ್ದಳು. ಆದರೆ ಅವಳಿಗೆ ಅದೂ ಹಳೆಯ ಬಟ್ಟೆ ಚೀಲದಂತೆ ಒಂದು. ಲೋಹಕ್ಕೆ ಸಂಬಂಧಿಸಿದ್ದೆಲ್ಲ ಮಿಸ್ತ್ರಿಯದೇ ಕೆಲಸ. ಬಾಗಿಲು ತೆರೆದು ಎರಡು ಹೆಜ್ಜೆ ಮುಂದೆ ಬಂದಿದ್ದರೆ ಸಾಕಿತ್ತು. ಚಿಲಕದ ಮೇಲೆ ನನ್ನ ಕೈ ಇತ್ತು. ಅದು ನನ್ನ ಕೈ ಅಂತ ಅನ್ನಿಸಲಿಲ್ಲ. ಫೌಜದಾರರು ಬರೆದುಕೊಂಡರು, ಅವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು, ಎದ್ದು ಹೋದರು.

ಮಿಸ್ತ್ರಿ ಕಾಕಾನನ್ನು ಜೇಲಿಗೆ ಹಾಕಲಿಲ್ಲ. ಮಾಲಕರು ಗ್ಯಾರೇಜಿನಿಂದ ತೆಗೆದರು. ಬೇರೆ ಯಾರೂ ಕೆಲಸ ಕೊಡಲಿಲ್ಲ. ಅವರು ಬೆಳಿಗ್ಗೆ ಎದ್ದು ಹೊರಟರೆ ಅವ್ವ ಬಾಗಿಲಲ್ಲಿ ನಿಂತು ಶಾಪ ಹಾಕುತ್ತಿದ್ದಳು. "ನನ್ನ ಮಗನ್ನ ತಿಂದಿ. ನಿನ್ನ ಕೈ ಸೇದಿ ಹೋಗ್ಲಿ." ಅವರು ನಿಂತು, ಅವಳ ಕಡೆ ಬಲಗಿವಿ ತಿರುಗಿಸಿ, ಪೂರ್ತಿ ಕೇಳಿಸಿಕೊಂಡು, ಆಮೇಲೆ ಹೋಗುತ್ತಿದ್ದರು. ಎಡಗಿವಿ ಕೊಟ್ಟು ಹೋಗಬಹುದಿತ್ತು... ನಾನು ಒಳಗೆ ಯಂತ್ರ ತುಳಿಯುತ್ತಿದ್ದೆ.

ಒಂದು ದಿನ ಅವ್ವ ನೀರಿಗೆ ಹೋಗಿದ್ದಳು. ವೈನಿ ಮಲಗಿದ್ದಳು. ಅವರು ಬಂದು ಕಟ್ಟೆಯ ಕೆಳಗೆ ನಿಂತರು. ಕೈ ತೊಳೆದುಕೊಂಡಿದ್ದರು. ಕೆಲಸವಿಲ್ಲದ ಕೈ, ಆದರೂ ತೊಳೆದುಕೊಂಡಿದ್ದರು.

"ಬೇಟಿ, ತುದಿಗೆ ಒಂದ ಸಾಲ ಹೊಲಗಿ ಇತ್ತು," ಅಂದರು.

"ಹೂಂ ಕಾಕಾ."

"ನಾ ಬಿಸಲಿಗೆ ಹಿಡದ ನೋಡಿದೆ. ಮಡಿಚಿದ್ದನ್ನ ಬಿಚ್ಚಿ ನೋಡ್ಲಿಲ್ಲ. ನೋಡಿ ಹಾಕೂದು ನನ್ನ ಕೆಲಸ."

"ನಾ ಅವ್ವಗ ಹೇಳ್ತೇನಿ ಕಾಕಾ."

"ಹೇಳಬ್ಯಾಡ." ಅವರು ಒಳಗೆ, ವೈನಿ ಮಲಗಿದ್ದ ಕಡೆ ನೋಡಿದರು. "ಆ ಕೂಸು ಹುಟ್ಟೂದೈತಿ. ಈ ಮನಿ ಇನ್ನ ನಿನ್ನ ಕೈ ಮ್ಯಾಲ ನಡೀಬೇಕು. ಆ ಕೈ ನೋಡಿದ್ರ ನಿಮ್ಮವ್ವಗ ಮಗನ ಹೆಣ ನೆನಪಾಗಬಾರ್ದು. ನನ್ನ ನೋಡಿ ನೆನಪಾದ್ರ ಆಗ್ಲಿ. ನಾ ಎದುರ ಮನಿಯಾಂವ, ಎದ್ದು ಹೋಗಬಹುದು."

ಅತ್ತಿದ್ದರೆ ಅವರಿಗೆ ಏನಾದರೂ ಸಿಕ್ಕಂತಾಗುತ್ತಿತ್ತೋ ಏನೋ. ಅಳು ಬರಲಿಲ್ಲ. ಅವರು ತಿರುಗಿ ಹೋದರು. ತಿಂಗಳೊಳಗೆ ಒಂದು ಚಕ್ಕಡಿ ಬಂತು. ಗಂಡ ಹೆಂಡತಿ ಎರಡು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ ಹೇರಿಕೊಂಡು ಊರು ಬಿಟ್ಟರು. ಹಸಿರು ಬಾಗಿಲಿಗೆ ಬೀಗ ಬಿತ್ತು.

ಗಂಡು ಹುಟ್ಟಿತು. ಅಣ್ಣನ ಹೆಸರನ್ನೇ ಇಟ್ಟರು. ನಾನು ಹೊಲಿದೆ. ಮನೆ ನಡೆಯಿತು. ಅವ್ವ ಮೊಮ್ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು, ಎದುರಿನ ಬೀಗ ಹಾಕಿದ ಬಾಗಿಲು ತೋರಿಸಿ ಆ ಕಥೆ ಹೇಳುತ್ತಿದ್ದಳು. ನನ್ನ ಯಂತ್ರ ಅಲ್ಲಿಯೇ ಪಕ್ಕದಲ್ಲಿತ್ತು.

ಹುಡುಗನಿಗೆ ನಾಲ್ಕು ತುಂಬಿದ ಮೇಲೆ, ಗಂಡನ ಕಡೆಯವರ ಒಂದು ಮದುವೆಗೆ ಅವನನ್ನು ಕರೆದುಕೊಂಡು ಗದಗಿಗೆ ಹೋಗಿದ್ದೆ. ಸ್ಟೇಶನ್ನಿನಿಂದ ಬರುವ ದಾರಿಯಲ್ಲಿ ಒಂದು ಸೈಕಲ್ ಅಂಗಡಿಯ ಮುಂದೆ ಮಿಸ್ತ್ರಿ ಕಾಕಾ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನೀರಿನ ಬುಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ನನ್ನನ್ನು ಕಂಡರು. ಹುಡುಗನನ್ನು ಕಂಡರು.

"ನಿನ್ನ ಹೆಸರೇನಪಾ?" ಅಂತ ಅವನನ್ನು ಕೇಳಿದರು.

ಅವನು ಹೇಳಿದ. ಅವರು ಬಲಗಿವಿ ಹತ್ತಿರ ತಂದು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ತಲೆಯಾಡಿಸಿ, "ಛಲೋ ಹೆಸರು," ಅಂದು ಟ್ಯೂಬಿನ ಕಡೆ ತಿರುಗಿದರು. ಕೆಲಸ ಮುಗಿಯುತ್ತದೆ ಅಂತ ನಾನು ನಿಂತೆ. ಹುಡುಗ ಕೈ ಜಗ್ಗಿದ. ಅವರು ತಲೆ ಎತ್ತಲಿಲ್ಲ. ಹೋದೆವು. ಮರುವರ್ಷ ಮತ್ತೆ ಗದಗಿಗೆ ಹೋದಾಗ ಆ ಅಂಗಡಿಯಲ್ಲಿ ಬೇರೆಯವರಿದ್ದರು. ಕೇಳಬೇಕಿತ್ತು. ಕೇಳಲಿಲ್ಲ.

ಅವ್ವ ಸತ್ತಳು. ವೈನಿ ಸತ್ತಳು. ಇಬ್ಬರಿಗೂ ಹೇಳಲಿಲ್ಲ. ಮೊದಲು ಅವರು ಬೇಡ ಅಂದದ್ದಕ್ಕೆ ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಅದೇ ರೂಢಿಯಾಯಿತು.

ಹೋದ ವಾರ, ಆ ಫಿಲ್ಟರು ಕೈಗೆ ಬಂದ ಮರುದಿನ, ನನ್ನನ್ನು ಹಳೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗು ಅಂತ ಅಣ್ಣನ ಮಗನಿಗೆ ಹೇಳಿದೆ. ಯಾಕೆ ಅಂತ ಕೇಳದೆ ಕರೆದೊಯ್ದ. ಓಣಿಯ ತುಂಬ ಬೈಕುಗಳು ನಿಂತಿದ್ದರಿಂದ ಜೀಪು ಹೋಗಲಿಲ್ಲ; ನಡೆದೆವು. ನಾವು ಬಿಟ್ಟುಬಂದ ಮನೆಯಲ್ಲಿ ಯಾರೋ ಗಾದಿ ಮಾಡುತ್ತಾರೆ. ಎದುರಿನ ಮನೆ ಕೆಡವಿ ಎರಡಂತಸ್ತು ಏರಿಸಿದ್ದಾರೆ. ಅದರ ಕೆಳಗೆ ಬಾಕಿನ ಮೇಲೆ ನನಗಿಂತ ಹತ್ತು ಹನ್ನೆರಡು ವರ್ಷ ಸಣ್ಣವನಾದ ಒಬ್ಬ ಮುದುಕ ಕೂತಿದ್ದ. ಇಲ್ಲಿದ್ದ ಮಿಸ್ತ್ರಿಯ ಕಡೆಯವರು ಯಾರಾದರೂ ಇದ್ದಾರೆಯೇ ಅಂತ ಕೇಳಿದೆ.

"ಮಿಸ್ತ್ರಿ?" ಅವನು ಯೋಚಿಸಿದ. "ಹಾಂ, ಇದ್ದನಂತ. ನಾ ಸಣ್ಣಾಂವ ಇದ್ದಾಗ ಹೇಳ್ತಿದ್ರು. ಕೆಟ್ಟ ಬೆಸಗಿ ಹಾಕಿ ಒಬ್ಬ ಡ್ರೈವರ್‌ನ ಕೊಂದಾಂವ, ಅಂವ ಅಲ್ಲೇನು?"

ಅಣ್ಣನ ಮಗ ನನ್ನ ಪಕ್ಕದಲ್ಲೇ ಇದ್ದ. ಹೌದು ಅಂತ ತಲೆಯಾಡಿಸುತ್ತಿದ್ದ.

"ಅವರು ಕೊಲ್ಲಲಿಲ್ಲಪಾ," ಅಂದೆ. "ಬೆಸಗಿ ಇರ್ಲೇ ಇಲ್ಲ. ಹೊಲಗಿ ಇತ್ತು. ಹೊಲದಾಕಿ ನಾನು. ತುದಿಗೆ ಎರಡ ಸಾಲ ಹಾಕ್ಬೇಕಾಗಿತ್ತು, ಒಂದ ಹಾಕಿದೆ. ಡ್ರೈವರ್ ನಮ್ಮಣ್ಣ."

ಮುದುಕ ನನ್ನನ್ನು ನೋಡಿದ, ಇವನನ್ನು ನೋಡಿದ. ಬಾಕಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. "ಕುಂಡ್ರವ್ವಾ. ಯಾರ ಉಳದಾರ ಈಗ, ಬಿಡು," ಅಂದ.

ಜೀಪಿನಲ್ಲಿ ಕೂತ ಮೇಲೆ ಅಣ್ಣನ ಮಗ ಗಾಡಿ ಚಾಲೂ ಮಾಡದೆ ಕೇಳಿದ.

"ಅವ್ವಗ ಗೊತ್ತಿತ್ತೇನು?"

"ಇಲ್ಲ."

"ಅಮ್ಮಗ?" ಅಜ್ಜಿಯನ್ನು ಅವನು ಅಮ್ಮ ಅನ್ನುತ್ತಿದ್ದ.

"ಇಲ್ಲ."

ಗದಗಿನ ಸೈಕಲ್ ಅಂಗಡಿಯ ಮುಂದೆ ಅವನ ಹೆಸರು ಕೇಳಿದವರು ಅವರೇ ಅಂತಲೂ ಹೇಳಿದೆ. ಹೇಳಿದರೆ ಹಗುರಾಗುತ್ತದೆ ಅಂತ ಜನ ಅನ್ನುತ್ತಾರೆ. ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ದಾರಿಯುದ್ದಕ್ಕೂ ಕಿಟಕಿಯಿಂದ ಅಂಗಡಿಗಳ ದೊಡ್ಡ ಅಕ್ಷರದ ಬೋರ್ಡು ಓದುತ್ತ ಬಂದೆ.

ಅವನು ದಿನಾ ಬೆಳಿಗ್ಗೆ ನನಗೆ ಚಹಾ ತಂದುಕೊಟ್ಟು, ಪಕ್ಕದಲ್ಲಿ ಕೂತು ಪೇಪರು ಓದಿ ಹೇಳುತ್ತಾನೆ. ನನ್ನ ಕಣ್ಣು ಈಗ ಸಣ್ಣ ಅಕ್ಷರ ಹಿಡಿಯುವುದಿಲ್ಲ. ಇದನ್ನೂ ನಾನು ಹೇಳಿ ಬೇರೆಯವರಿಂದ ಬರೆಸುತ್ತಿದ್ದೇನೆ. ಆ ದಿನದ ಮೇಲೆ ಚಹಾ ತಂದಿಡುತ್ತಾನೆ, ಕೂಡುವುದಿಲ್ಲ. ಇವತ್ತು ಬಾಗಿಲ ತನಕ ಹೋಗಿ ನಿಂತ.

"ಗದಗದಾಗ ಕೇಳ್ಕೊಂಡ ಬರ್ತೇನಿ. ಅವರನ್ನ ಮಣ್ಣ ಮಾಡಿದ ಕಬರ ಎಲ್ಲೈತಿ, ಅವರ ಮಂದಿ ಯಾರರ ಅದಾರೇನು ಅಂತ."

"ಹೋಗಿ ಬಾ," ಅಂದೆ.

ಅವನು ನನ್ನನ್ನು ಕರೆಯಲಿಲ್ಲ. ನಾನೂ ಬರುತ್ತೇನೆ ಅನ್ನಲಿಲ್ಲ. ಜೀಪು ಹೋದ ಸಪ್ಪಳ ಕೇಳಿಸಿತು. ಚಹಾದ ಮೇಲೆ ಕೆನೆ ಕಟ್ಟಿತ್ತು, ಹಾಗೇ ಕುಡಿದೆ.